ಗಣಕಯಂತ್ರವನ್ನರಿಯದವನು ಕಂಡ ಗಣಕಲೋಕ

ಗಣಕಯಂತ್ರಗಳ ಯುಗಕ್ಕೆ ಪುರಾಣಪ್ರಾಯವಾದ ಕಾದಂಬರಿಯೊಂದನ್ನು ಬರೆದವನ ಮೇಜಿನ ಮೇಲೆ ಗಣಕಯಂತ್ರವೇ ಇರಲಿಲ್ಲವೆಂದರೆ ನಂಬುವುದು ಕಷ್ಟ. ಅಮೆರಿಕದಲ್ಲಿ ಹುಟ್ಟಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ನೆಲೆಸಿದ ವಿಲಿಯಂ ಗಿಬ್ಸನ್ ತನ್ನ ಮೊದಲ ಕಾದಂಬರಿ ‘ನ್ಯೂರೋಮ್ಯಾನ್ಸರ್’ ಬರೆದದ್ದು ಹಳೆಯ ಟೈಪ್‌ರೈಟರಿನಲ್ಲಿ. ಮುಂದೆ ಗಣಕಯಂತ್ರವನ್ನು ಕೊಂಡಾಗ, ಅದರೊಳಗೆ ತಟ್ಟೆ ತಿರುಗುವ ಗರಗರ ಸದ್ದು ಕೇಳಿ ಆತನಿಗೆ ನಿರಾಶೆಯಾಯಿತಂತೆ!

ಯಂತ್ರದ ಒಳಗುಟ್ಟು ತಿಳಿಯದಿದ್ದರೂ ಮನುಷ್ಯರನ್ನು ನೋಡುವ ಕಣ್ಣು ಆತನಿಗಿತ್ತು. ವಿಡಿಯೋ ಆಟದ ಪೆಟ್ಟಿಗೆಗಳ ಮುಂದೆ ಬಾಗಿ ನಿಂತ ಹುಡುಗರನ್ನು ಆತ ಕಂಡ. ಅವರ ದೇಹ ಈಚೆ, ಮನಸ್ಸು ಗಾಜಿನಾಚೆ. ಆ ‘ಆಚೆ’ಗೆ ಆತನಿಟ್ಟ ಹೆಸರು ‘ಸೈಬರ್‌ಸ್ಪೇಸ್’. 1982ರಲ್ಲಿ ‘ಆಮ್ನಿ’ ಪತ್ರಿಕೆಯಲ್ಲಿ ಅಚ್ಚಾದ ‘ಬರ್ನಿಂಗ್ ಕ್ರೋಮ್’ ಕಥೆಯಲ್ಲಿ ಆ ಶಬ್ದ ಮೊದಲು ಕಾಣಿಸಿಕೊಂಡಿತು.

ಅದೇ ವರ್ಷ ರಿಡ್ಲಿ ಸ್ಕಾಟನ ‘ಬ್ಲೇಡ್ ರನ್ನರ್’ ಚಿತ್ರ ತೆರೆಕಂಡಿತು. ಬಿಡದೆ ಸುರಿಯುವ ಮಳೆ, ಬಣ್ಣದ ದೀಪಗಳು, ಕಿಕ್ಕಿರಿದ ಬೀದಿ—ತನ್ನ ಮನಸ್ಸಿನಲ್ಲಿದ್ದ ನಗರವೇ ತೆರೆಯ ಮೇಲೆ! ಕಾದಂಬರಿ ಇನ್ನೂ ಮುಗಿದಿರಲಿಲ್ಲ. ಚಿತ್ರದಿಂದ ಕದ್ದನೆಂದು ಲೋಕ ಆಡಿಕೊಂಡೀತೆಂಬ ಭೀತಿ. ಗಿಬ್ಸನ್ ಚಿತ್ರವನ್ನು ಪೂರ್ತಿ ನೋಡದೆ ಎದ್ದುಬಂದ. ಆದರೂ ಲೇಖನಿ ಕೆಳಗಿಡಲಿಲ್ಲ; ಬರೆದುದನ್ನು ಮತ್ತೆ ಮತ್ತೆ ತಿದ್ದಿದ. 1984ರಲ್ಲಿ ಅಗ್ಗದ ಆವೃತ್ತಿಯಾಗಿ ಹೊರಬಂದ ಆ ಪುಸ್ತಕಕ್ಕೆ ಹ್ಯೂಗೋ, ನೆಬ್ಯುಲಾ, ಫಿಲಿಪ್ ಕೆ. ಡಿಕ್—ಈ ಮೂರು ಪ್ರಶಸ್ತಿಗಳೂ ಸಂದವು.

ಪಂಥದ ಹೆಸರು ಮಾತ್ರ ಆತನ ಕೊಡುಗೆಯಲ್ಲ. 1983ರಲ್ಲಿ ಪ್ರಕಟವಾದ ಬ್ರೂಸ್ ಬೆತ್ಕೆಯ ಸಣ್ಣಕಥೆಯ ಶೀರ್ಷಿಕೆ ‘ಸೈಬರ್‌ಪಂಕ್’. ಅದನ್ನು ಹೊಸ ಲೇಖಕರೆಲ್ಲರಿಗೂ ಅನ್ವಯಿಸಿ ಪ್ರಚಾರಕ್ಕೆ ತಂದವನು ಸಂಪಾದಕ ಗಾರ್ಡ್ನರ್ ಡೋಜ್ವಾ.

ಹಿಂದಿನ ವೈಜ್ಞಾನಿಕ ಕಥೆಗಳ ನಾಯಕರು ಬಹುಮಟ್ಟಿಗೆ ವಿಜ್ಞಾನಿಗಳು, ನಕ್ಷತ್ರಯಾನಿಗಳು. ಗಿಬ್ಸನ್ನನ ನಾಯಕ ಕೇಸ್ ಎಂಬಾತ ಮಾಹಿತಿಚೋರ. ಧಣಿಗಳಿಗೇ ಮೋಸಮಾಡಿ, ಅವರಿಂದ ನರಮಂಡಲವನ್ನೇ ಕೆಡಿಸಿಕೊಂಡ ನತದೃಷ್ಟ. ಅವನ ಲೋಕದಲ್ಲಿ ಸರ್ಕಾರಗಳಿಗಿಂತ ಕಂಪೆನಿಗಳೇ ಬಲಿಷ್ಠ. ಯಂತ್ರ ಎಷ್ಟು ಚತುರವೆಂಬುದಕ್ಕಿಂತ ಅದು ಯಾರ ಸೊತ್ತೆಂಬುದೇ ಈ ಕಥೆಗಳ ನಿಜವಾದ ಪ್ರಶ್ನೆ. 1999ರ ‘ದಿ ಮ್ಯಾಟ್ರಿಕ್ಸ್’ ಚಿತ್ರವನ್ನು ಕೋಟ್ಯಂತರ ಜನ ನೋಡಿದರು. ಅವರಲ್ಲಿ ಎಷ್ಟು ಮಂದಿಗೆ ಕಪ್ಪು ಕನ್ನಡಕ, ಉದ್ದ ಅಂಗಿಗಳ ಆಚೆ ಈ ಪ್ರಶ್ನೆ ಕಂಡಿತೋ!

ಪ್ರಶ್ನೆ ಮರೆತರೂ ಹೆಸರುಗಳು ಉಳಿದವು. 1992ರಲ್ಲಿ ನೀಲ್ ಸ್ಟೀಫನ್‌ಸನ್ ‘ಸ್ನೋ ಕ್ರಾಷ್’ ಕಾದಂಬರಿಯಲ್ಲಿ ‘ಮೆಟಾವರ್ಸ್’ ಎಂಬ ಮಾಯಾನಗರಿಯನ್ನು ಚಿತ್ರಿಸಿದ. ಅಲ್ಲಿ ವೀರನೆನಿಸಿದ ನಾಯಕ ನಿಜಜೀವನದಲ್ಲಿ ವಾಸಿಸುವುದು ಸಾಮಾನು ತುಂಬಿಡುವ ಬಾಡಿಗೆ ಕೊಠಡಿಯಲ್ಲಿ. 2021ರಲ್ಲಿ ಫೇಸ್‌ಬುಕ್ ಕಂಪೆನಿ ಅಂಥ ಲೋಕವನ್ನು ತಾನೇ ಕಟ್ಟುವುದಾಗಿ ಸಾರಿ, ‘ಮೆಟಾ’ ಎಂದು ನಾಮಾಂತರಗೊಂಡಿತು. ಎಚ್ಚರಿಕೆಯ ಫಲಕವನ್ನು ಕಿತ್ತುತಂದು ಅಂಗಡಿಯ ಬಾಗಿಲಿಗೆ ನೇತುಹಾಕಿದಂತಾಯಿತು.