ಧುಮುಕುಕೊಡೆಯನ್ನು ಮಡಿಸುವವರು

ನಾವು ಬಳಸುವ ಸಾಧನಗಳಲ್ಲಿ ಹೆಚ್ಚಿನವನ್ನು ಬಳಕೆಗೆ ಮುನ್ನವೇ ಪರೀಕ್ಷಿಸಿ ನೋಡಬಹುದು. ಲೇಖನಿ ಬರೆಯುವುದೋ ಇಲ್ಲವೋ ಎಂಬುದನ್ನು ಒಂದು ಗೀಟೆಳೆದು ತಿಳಿಯಬಹುದು; ಸೈಕಲ್ಲಿನ ಬ್ರೇಕನ್ನು ಮನೆಯಂಗಳದಲ್ಲಿಯೇ ಒತ್ತಿ ನೋಡಬಹುದು. ಯುದ್ಧವಿಮಾನದ ಚಾಲಕನ ಧುಮುಕುಕೊಡೆ, ಎಂದರೆ ಪ್ಯಾರಾಚೂಟು, ಹಾಗಲ್ಲ. ಅದನ್ನು ಬಿಚ್ಚಿ ನೋಡಿದರೆ ಮತ್ತೆ ಮೊದಲಿನಿಂದ ಮಡಿಸಬೇಕು. ಮಡಿಸಿದೊಡನೆ ‘ಇದು ಬಿಚ್ಚಿಕೊಳ್ಳುವುದೇ?’ ಎಂಬ ಸಂದೇಹ ಮರಳಿ ಹುಟ್ಟುತ್ತದೆ. ಆದುದರಿಂದ ಚಾಲಕನ ನಂಬಿಕೆಯೆಲ್ಲವೂ ಅದನ್ನು ಪರೀಕ್ಷಿಸಿ, ಮಡಿಸಿ, ಮುದ್ರೆಯಿಟ್ಟ ಒಬ್ಬ ಕೆಲಸಗಾರನ ಮೇಲೆ ನಿಂತಿದೆ. ಎಷ್ಟೋ ವೇಳೆ ಆ ಕೆಲಸಗಾರನ ಮುಖವನ್ನು ಅವನು ಕಂಡೇ ಇರುವುದಿಲ್ಲ.

1797ರ ಅಕ್ಟೋಬರ್ 22ರಂದು ಫ್ರಾನ್ಸಿನ ಆಂದ್ರೆ ಜಾಕ್ ಗಾರ್ನೆರಾ ಎಂಬ ಸಾಹಸಿ ಪ್ಯಾರಿಸ್ ನಗರದಲ್ಲಿ ಬೆಲೂನಿನಿಂದ ಧುಮುಕುಕೊಡೆಯ ನೆರವಿನಿಂದ ಕೆಳಗಿಳಿದನು. ಕೊಡೆಯ ನೆತ್ತಿಯಲ್ಲಿ ಗಾಳಿ ಹೊರಹೋಗಲು ರಂಧ್ರವಿರಲಿಲ್ಲ; ಆದ್ದರಿಂದ ಅದು ದಾರಿಯುದ್ದಕ್ಕೂ ತೊಟ್ಟಿಲಿನಂತೆ ಹೊಯ್ದಾಡಿತು. ಮುಂದೆ ನೆತ್ತಿಯಲ್ಲಿ ರಂಧ್ರವಿಡುವುದು ರೂಢಿಯಾಯಿತು. 1922ರ ಅಕ್ಟೋಬರ್ 20ರಂದು ಅಮೆರಿಕದ ಸೈನಿಕ ವಿಮಾನಚಾಲಕ ಹೆರಾಲ್ಡ್ ಹ್ಯಾರಿಸ್, ಹಾರಾಟದಲ್ಲಿಯೇ ಕೆಟ್ಟು ಅದುರತೊಡಗಿದ ವಿಮಾನದಿಂದ ಹೊರಬಿದ್ದು, ಧುಮುಕುಕೊಡೆಯಿಂದ ಪ್ರಾಣ ಉಳಿಸಿಕೊಂಡನು. ಹೀಗೆ ಬದುಕಿದವರಿಗಾಗಿ ಅದೇ ವರ್ಷ ಒಂದು ಸಂಘ ಹುಟ್ಟಿತು. ಆಗಿನ ಕೊಡೆಗಳು ರೇಷ್ಮೆಯವಾದುದರಿಂದ ಅದಕ್ಕೆ ಕಂಬಳಿಹುಳುವಿನ ಹೆಸರನ್ನೇ ಇಟ್ಟರು.

ಧುಮುಕುಕೊಡೆಯ ರಚನೆಯನ್ನು ತಿಳಿದರೆ ಅದರ ಪಾಲನೆಯ ಮಹತ್ವ ಅರ್ಥವಾಗುತ್ತದೆ. ಅಮೆರಿಕದ ಸಿ-9 ಎಂಬ ಮಾದರಿಯನ್ನು ನೋಡೋಣ. ಅದರ ವ್ಯಾಸ 28 ಅಡಿ. ನೈಲಾನ್ ಬಟ್ಟೆಯ 28 ಎಸಳುಗಳನ್ನು ಸೇರಿಸಿ ಹೊಲಿದು ಅದನ್ನು ಮಾಡಿದ್ದಾರೆ. ಅಂಚಿನಿಂದ ಇಳಿಯುವ 28 ಹುರಿಗಳಲ್ಲಿ ಪ್ರತಿಯೊಂದೂ ಸುಮಾರು 250 ಕಿಲೋಗ್ರಾಂ ಭಾರವನ್ನು ತಾಳಬಲ್ಲದು. ಗಾಳಿಯಲ್ಲಿ ನೇರವಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರಿಗೆ ಮುಟ್ಟುತ್ತದೆ. ಕೊಡೆ ಅರಳಿದರೆ ಆ ವೇಗ ಸೆಕೆಂಡಿಗೆ ಸುಮಾರು 6 ಮೀಟರಿಗೆ ಇಳಿಯುತ್ತದೆ. ಈ ಎರಡು ವೇಗಗಳ ಅಂತರವೇ ಸಾವು ಬದುಕುಗಳ ಅಂತರ.

ಇಷ್ಟು ಬಲವಾದ ವಸ್ತುವಿಗೂ ಶತ್ರುಗಳಿಲ್ಲದಿಲ್ಲ. ಎರಡನೆಯ ಮಹಾಯುದ್ಧದವರೆಗೆ ರೇಷ್ಮೆಯೇ ಮುಖ್ಯವಾಗಿತ್ತು. ಆ ಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೂ ಇದರಿಂದಾಗಿ ಬೇಡಿಕೆ ಬಂದಿತು. ತೇವ ತಗುಲಿದರೆ ರೇಷ್ಮೆಗೆ ಬೂಷ್ಟು ಹಿಡಿಯುತ್ತದೆ. ಆ ಬಳಿಕ ಬಂದ ನೈಲಾನ್ ಅಷ್ಟು ಸುಲಭವಾಗಿ ಕೊಳೆಯದು. ಆದರೆ ಬಿಸಿಲಿಗೆ ಬಹುಕಾಲ ಒಡ್ಡಿದರೆ ಕಣ್ಣಿಗೆ ಕಾಣದಂತೆಯೇ ಅದರ ಬಲ ಕುಗ್ಗುತ್ತದೆ. ಬ್ಯಾಟರಿಯ ಆಮ್ಲದ ಒಂದು ಹನಿ ಅದನ್ನು ತಿಂದುಹಾಕಬಲ್ಲದು. ಸಮುದ್ರದ ಉಪ್ಪುನೀರು, ಎಣ್ಣೆ, ಕೊಂಡಿಗಳ ತುಕ್ಕು, ಇಲಿಯ ಹಲ್ಲು, ಇವೆಲ್ಲವೂ ಅಪಾಯಕಾರಿಯೇ. ಆದುದರಿಂದ ಕೊಡೆಗಳನ್ನು ಬಿಸಿಲು ತಾಗದ, ಒಣಗಿದ, ಗಾಳಿಯಾಡುವ ಕೊಠಡಿಯಲ್ಲಿ ಇಡುತ್ತಾರೆ.

ನಿಗದಿಯಾದ ಅವಧಿ ಬಂದಾಗ, ಒಮ್ಮೆಯೂ ಬಳಸದಿದ್ದರೂ, ಕೊಡೆಯನ್ನು ಬಿಚ್ಚಲೇಬೇಕು. ಮೊದಲು ಅದನ್ನು ಗೋಪುರದಂತೆ ಎತ್ತರವಾದ ಕೊಠಡಿಯಲ್ಲಿ ನೆತ್ತಿಯಿಂದ ತೂಗುಹಾಕಿ ಗಾಳಿಗೆ ಆರಿಸುತ್ತಾರೆ. ಅನಂತರ ಉದ್ದವಾದ ಮೇಜಿನ ಮೇಲೆ ಹಾಸಿ, ಒಂದೊಂದು ಎಸಳನ್ನೂ ಬೆಳಕಿಗೆ ಹಿಡಿದು, ತೂತು, ಹರಕು, ಕಲೆ, ಬಿಚ್ಚಿದ ಹೊಲಿಗೆಗಳಿಗಾಗಿ ಹುಡುಕುತ್ತಾರೆ. ಹುರಿಗಳನ್ನು ತುದಿಯಿಂದ ತುದಿಯವರೆಗೆ ಬೆರಳುಗಳ ನಡುವೆ ಹಾಯಿಸಿ ನೋಡುತ್ತಾರೆ. ದೇಹಕ್ಕೆ ಬಿಗಿಯುವ ಪಟ್ಟಿಗಳು, ಕೊಂಡಿಗಳು, ಪಿನ್ನುಗಳು, ಯಾವುದನ್ನೂ ಬಿಡುವಂತಿಲ್ಲ. ಸಣ್ಣ ದೋಷವನ್ನು ನಿಯಮದಂತೆ ಸರಿಪಡಿಸುತ್ತಾರೆ. ಮಿತಿ ಮೀರಿದ್ದನ್ನು ತೆಗೆದುಹಾಕುತ್ತಾರೆ. ಪ್ರತಿಯೊಂದು ಕೊಡೆಗೂ ಗೊತ್ತಾದ ಆಯುಸ್ಸಿದೆ. ಅದು ಮುಗಿದ ಮೇಲೆ ನೋಡಲು ಹೊಸದರಂತಿದ್ದರೂ ಅದನ್ನು ಬಳಸುವುದಿಲ್ಲ.

ಮಡಿಸುವ ಕೆಲಸ ಇನ್ನೂ ಸೂಕ್ಷ್ಮವಾದುದು. ಬಟ್ಟೆ ಜಾರದಂತೆ ಸೀಸದ ಗುಂಡು ತುಂಬಿದ ಉದ್ದನೆಯ ಚೀಲಗಳನ್ನು ಅದರ ಮೇಲಿಡುತ್ತಾರೆ. ಬಲಕ್ಕೆ 14, ಎಡಕ್ಕೆ 14 ಎಸಳುಗಳನ್ನು ಎಣಿಸಿ ಜೋಡಿಸುತ್ತಾರೆ. ಹುರಿಗಳು ಒಂದಕ್ಕೊಂದು ತೊಡರದಂತೆ ಅವನ್ನು ಕ್ರಮವಾಗಿ ಮಡಚಿ ಸಿಕ್ಕಿಸುತ್ತಾರೆ. ತೊಡರಿದ ಹುರಿ ಬಟ್ಟೆಗೆ ವೇಗದಿಂದ ಉಜ್ಜಿದರೆ ಆ ಶಾಖಕ್ಕೆ ನೈಲಾನ್ ಕರಗಿಯೇ ಹೋಗಬಹುದು. ಗೊತ್ತಾದ ಹಂತಗಳಲ್ಲಿ ಕೆಲಸವನ್ನು ನಿಲ್ಲಿಸಿ ಮೇಲ್ವಿಚಾರಕನಿಗೆ ತೋರಿಸಬೇಕು. ಅವನು ಒಪ್ಪದೆ ಮುಂದಿನ ಮಡಿಕೆ ಇಲ್ಲ. ಕೊನೆಯಲ್ಲಿ ಉಪಕರಣಗಳನ್ನೆಲ್ಲ ಎಣಿಸುತ್ತಾರೆ. ಒಂದು ಕಡಿಮೆಯಾದರೂ ಅದು ಮಡಿಕೆಯೊಳಗೆ ಉಳಿದಿರಬಹುದೆಂದು ಭಾವಿಸಿ ಎಲ್ಲವನ್ನೂ ಬಿಚ್ಚಬೇಕು. ಎಲ್ಲವೂ ಸರಿಯಿದ್ದರೆ ಸುಲಭವಾಗಿ ತುಂಡಾಗುವ ತೆಳುವಾದ ದಾರದಿಂದ ಮುದ್ರೆ ಹಾಕಿ, ದಾಖಲೆಯ ಚೀಟಿಯಲ್ಲಿ ದಿನಾಂಕ ಬರೆದು ಸಹಿ ಮಾಡುತ್ತಾರೆ. ಆ ದಾರ ತುಂಡಾಗಿದ್ದರೆ ಯಾರೋ ಅದನ್ನು ಮುಟ್ಟಿದ್ದಾರೆಂದು ಅರ್ಥ.

ಇಂದಿನ ಯುದ್ಧವಿಮಾನಗಳಲ್ಲಿ ಆಪತ್ತು ಬಂದಾಗ ಆಸನವೇ ಚಾಲಕನನ್ನು ಹೊರಕ್ಕೆ ಚಿಮ್ಮಿಸುತ್ತದೆ. ಆ ಆಘಾತಕ್ಕೆ ಅವನು ಎಚ್ಚರ ತಪ್ಪಿರಲೂಬಹುದು. ಆಗ ಹಿಡಿಯನ್ನು ಎಳೆಯಲು ಅವನ ಕೈಯಿಂದಾಗದು. ಕೊಡೆ ತಾನಾಗಿಯೇ ತೆರೆದುಕೊಳ್ಳಬೇಕು. ಎಷ್ಟೋ ದಿನಗಳ ಹಿಂದೆ, ದೂರದ ಕೊಠಡಿಯೊಂದರಲ್ಲಿ, ಒಬ್ಬನು ಎಚ್ಚರದಿಂದ ಮಾಡಿದ ಕೆಲಸವೇ ಆ ಗಳಿಗೆಯಲ್ಲಿ ಅವನ ನೆರವಿಗೆ ಬರುತ್ತದೆ.

ಅಮೆರಿಕದ ಭೂಸೈನ್ಯದಲ್ಲಿ ಧುಮುಕುಕೊಡೆ ಮಡಿಸುವವನು ತಾನು ಮಡಿಸಿದ ಯಾವುದೇ ಕೊಡೆಯೊಡನೆ ಜಿಗಿಯಲು ಸಿದ್ಧನಿರಬೇಕೆಂಬ ಕಟ್ಟುಪಾಡಿದೆ. ನಮ್ಮ ದೇಶದಲ್ಲಿಯೂ 1941ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾದ ಕಾರ್ಖಾನೆ ನಮ್ಮ ಸೇನೆಗಳಿಗಾಗಿ ಧುಮುಕುಕೊಡೆಗಳನ್ನು ತಯಾರಿಸುತ್ತ ಬಂದಿದೆ. ವಿಮಾನವನ್ನು ಹಾರಿಸುವವನ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದುದೇ. ಆದರೆ ಮೇಜಿನ ಬಳಿ ನಿಂತು, ನೋಡುವವರಿಲ್ಲದಾಗಲೂ, ಇಪ್ಪತ್ತೇಳು ಹುರಿಗಳನ್ನು ಪರೀಕ್ಷಿಸಿದ ಮೇಲೆ ಇಪ್ಪತ್ತೆಂಟನೆಯದನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವವನ ಪ್ರಾಮಾಣಿಕತೆಯಿಲ್ಲದೆ ಆ ಧೈರ್ಯಕ್ಕೆ ಆಸರೆಯಿಲ್ಲ.