ಸಂಕ್ರಾಂತಿ ಪೋಸ್ಟರಿಗೆ ಯಾವ ಅಕ್ಷರ?

"ಸಂಕ್ರಾಂತಿ" ಅಂತ ದೊಡ್ಡದಾಗಿ ಬರೆದು ನೋಡಿ. ಎರಡು ಸೊನ್ನೆ, ಕೆಳಗೊಂದು ಒತ್ತು, ಕೊನೆಗೊಂದು ಗುಡಿಸು. ಹಬ್ಬದ ಸಿಂಗಾರಕ್ಕೆ ಬೇಕಾದ ಸರಕೆಲ್ಲ ಪದದೊಳಗೇ ಇದೆ!

ಸೊನ್ನೆಗಳ ಜಾಗದಲ್ಲಿ ಎರಡು ಎಳ್ಳುಂಡೆ ಕೂರಿಸಿ. ಓದು ಕೆಡಲ್ಲ, ಯಾಕಂದ್ರೆ ದುಂಡಗಿನ ಆಕಾರ ಹಾಗೇ ಉಳಿಯುತ್ತೆ. ಆದರೆ ಇಡೀ "ಕ್ರಾ" ಅಕ್ಷರವನ್ನು ಕಬ್ಬಿನ ಜಲ್ಲೆಯಿಂದ ಕಟ್ಟಿದರೆ, ದಾರಿಯಲ್ಲಿ ಹೋಗುವವರು ಕಬ್ಬು ನೋಡ್ತಾರೆ, ಪದ ಓದಲ್ಲ.

ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರಗಳಿಲ್ಲ. ಒತ್ತಿ ಹೇಳೋಕೆ ನಮಗಿರೋದು ಗಾತ್ರ, ದಪ್ಪ, ಬಣ್ಣ. ಅದಕ್ಕೇ ಏಕ್ ಟೈಪ್‌ನವರ "ಬಾಲೂ ತಮ್ಮ"ದಂಥ ದಪ್ಪ, ದುಂಡು ಫಾಂಟ್ ಹಬ್ಬದ ತಲೆಬರಹಕ್ಕೆ ನನಗೆ ತುಂಬಾ ಇಷ್ಟ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ.

ದಪ್ಪ ಅಕ್ಷರದಲ್ಲಿ ಒಂದು ಅಪಾಯವೂ ಇದೆ. "ಧಮಾಕ" ಅಂತ ಬರೆದಿರಿ ಅಂದ್ಕೊಳ್ಳಿ. "ಧ"ದ ಕೆಳಗಿನ ಆ ಸಣ್ಣ ಸೀಳು ಮುಚ್ಚಿಹೋದರೆ ಅದು "ದಮಾಕ" ಆಗುತ್ತೆ. "ಷ"ದ ಒಳಗೆರೆ ಮಾಯವಾದರೆ "ಪ"! ಮೊಬೈಲ್ ಗಾತ್ರಕ್ಕೆ ಕುಗ್ಗಿಸಿ, ಒಮ್ಮೆ ಓದಿ ನೋಡಿ.

ಸಾಲುಗಳ ನಡುವೆ ಜಾಗ ಬಿಡಿ. "ಹಬ್ಬ"ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯಬಾರದು.

ಅಲಂಕಾರ ತಲೆಬರಹದ ಒಂದೆರಡು ಪದಕ್ಕೆ ಸಾಕು. ಬೆಲೆ, ತಾರೀಖು, ಅಂಗಡಿ ವಿಳಾಸ ಎಲ್ಲ "ಅನೇಕ್ ಕನ್ನಡ"ದಂಥ ಸರಳ ಫಾಂಟಿನಲ್ಲಿರಲಿ. ಕನ್ನಡಕ ಮರೆತು ಬಂದ ಅಜ್ಜಿಗೂ ಜನವರಿ 14 ಅನ್ನೋದು ಕಾಣಬೇಕು.