ಲಕ್ವ ಹೊಡೆಯುವುದು ಕೈಕಾಲಿಗಲ್ಲ, ಮೆದುಳಿಗೆ

ಲಕ್ವ ಹೊಡೆದಾಗ ಕಣ್ಣಿಗೆ ಬೀಳುವುದು ಸೋತ ಕೈಕಾಲು, ಸೊಟ್ಟಗಾದ ಬಾಯಿ. ಅದಕ್ಕೇ ಎಷ್ಟೋ ಮನೆಗಳಲ್ಲಿ ಮೊದಲು ಎಣ್ಣೆ ತಿಕ್ಕುತ್ತಾರೆ, ನಾಟಿ ಔಷಧಿ ಹುಡುಕುತ್ತಾರೆ. ಆದರೆ ಕೆಟ್ಟಿರುವುದು ಕೈಯಲ್ಲ. ಕೈಯನ್ನು ಆಡಿಸುವ ಮೆದುಳಿನ ಭಾಗ. ಮೆದುಳಿನ ಎಡಭಾಗ ದೇಹದ ಬಲ ಮಗ್ಗುಲನ್ನು ನಡೆಸುತ್ತದೆ, ಬಲಭಾಗ ಎಡ ಮಗ್ಗುಲನ್ನು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬುದರಾಚೆ ಹೆಚ್ಚೇನೂ ನುಡಿಯಲಾಗದಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮೆದುಳನ್ನು ಪರೀಕ್ಷಿಸಿದರು. ಹಾನಿ ಕಂಡದ್ದು ಎಡ ಮುಂಭಾಗದಲ್ಲಿ. ಬಲಗೈ ಬಿದ್ದುಹೋದವರಲ್ಲಿ ಅನೇಕರಿಗೆ ಮಾತೂ ನಿಂತುಹೋಗುವುದೇಕೆಂದು ಇದರಿಂದ ತಿಳಿಯುತ್ತದೆ.

ದೇಹದ ತೂಕದಲ್ಲಿ ಮೆದುಳಿನದು ನೂರಕ್ಕೆ ಎರಡು ಪಾಲು. ಬಳಸುವ ಆಮ್ಲಜನಕ ಮಾತ್ರ ಸುಮಾರು ಇಪ್ಪತ್ತು ಪಾಲು. ಅದರ ದೊಡ್ಡ ರಕ್ತನಾಳವೊಂದು ರಕ್ತದ ಹೆಪ್ಪಿನಿಂದ ಕಟ್ಟಿಕೊಂಡರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ವೈದ್ಯರ ಅಂದಾಜು. ಸತ್ತ ಭಾಗದ ಸುತ್ತ ಇನ್ನೂ ಉಸಿರು ಹಿಡಿದ ಕೋಶಗಳಿರುತ್ತವೆ. ಚಿಕಿತ್ಸೆ ಉಳಿಸುವುದು ಅವನ್ನೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಲಾಭ ಹೆಚ್ಚು.

‘ಎಣ್ಣೆ ತಿಕ್ಕಿಯೇ ನಮ್ಮವರು ಗುಣವಾದರಲ್ಲ’ ಎನ್ನುವವರಿದ್ದಾರೆ. ಗುಣವಾದದ್ದು ಸುಳ್ಳಲ್ಲ, ಕಾರಣ ಬೇರೆ. ಕೆಲವರಲ್ಲಿ ಹೆಪ್ಪು ತಾನಾಗಿಯೇ ಕರಗುತ್ತದೆ. ಇನ್ನು ಕೆಲವರಲ್ಲಿ ಮೆದುಳಿನ ಉಳಿದ ಭಾಗಗಳು ವಾರಗಟ್ಟಲೆ ಕಲಿತು ಕಳೆದ ಕೆಲಸವನ್ನು ವಹಿಸಿಕೊಳ್ಳುತ್ತವೆ. ಕ್ಷಣದಲ್ಲಿ ಬಂದು ಹೋದ ಲಕ್ವವಂತೂ ದೊಡ್ಡದರ ಮುನ್ಸೂಚನೆಯಾಗಿರಬಹುದು. ಸ್ಕ್ಯಾನ್ ಎಂದರೆ ದುಡ್ಡು ಕೀಳುವ ದಾರಿ ಎಂಬ ಅನುಮಾನವೂ ಉಂಟು. ಆದರೆ ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಮತ್ತು ಹೆಪ್ಪು ಕರಗಿಸುವ ಮದ್ದು ರಕ್ತಸ್ರಾವದವರ ಪ್ರಾಣಕ್ಕೇ ಎರವಾಗಬಹುದು. ತಡವಾಯಿತೆಂದು ಮನೆಯಲ್ಲೇ ಕೂರುವುದೂ ತಪ್ಪು: ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ರಕ್ತನಾಳದೊಳಗೆ ತೂರಿಸಿದ ತೆಳು ನಳಿಕೆಯಿಂದ ಹೆಪ್ಪನ್ನು ಹೊರತೆಗೆಯಬಹುದು, ಫಿಸಿಯೋಥೆರಪಿಯ ಫಲ ತಿಂಗಳುಗಳವರೆಗೂ ಸಿಗುತ್ತದೆ.

ಬಾಯಿ ವಾಲಿದರೆ, ಎತ್ತಿದ ಕೈ ಕೆಳಗಿಳಿದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ. ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ.